ಬೋಳು ಕಾಡಿನಲ್ಲಿ ಭಯದ ಸಿನಿಮಾ: ನನ್ನ ಅನುಭವ

ಸಿನಿಮಾ ಮಾಡಲು ನಾವು ಆರಿಸಿಕೊಂಡ ಕಾದಂಬರಿಯ ಕಾಡು ಮಲೆನಾಡಿನದು. ಅಲ್ಲಿ ಹೆದರಿಕೆ ಹುಟ್ಟುವುದೇ ಮಂಜು, ಜಡಿಮಳೆ ಮತ್ತು ಕಣ್ಣಿಗೆ ದಾರಿ ಕೊಡದ ಹಸಿರಿನಿಂದ. ಚಿತ್ರೀಕರಣಕ್ಕೆ ನಮಗೆ ಎಟುಕಿದ್ದು ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ಸೆರಗು. ಅದು ಎಲೆ ಉದುರಿಸುವ ಒಣ ಕಾಡು; ಬೇಸಿಗೆ ಕಾಲಿಡುವಷ್ಟರಲ್ಲಿ ತೇಗದ ಮರಗಳು ಬೋಳಾಗಿ ದೂರದವರೆಗೂ ಎಲ್ಲವೂ ಕಾಣುತ್ತದೆ. ಕೃತಕ ಮಳೆಗಾಗಲಿ, ಹೊಗೆಯ ಯಂತ್ರಕ್ಕಾಗಲಿ ಹಣವಿಲ್ಲದ್ದರಿಂದ ಚಿತ್ರಕಥೆಯ ಬುಡವನ್ನೇ ಬದಲಿಸಿದೆ: ಕಾದಂಬರಿಯ ನಾಯಕ ಏನೂ ಕಾಣದೆ ಹೆದರುತ್ತಾನೆ, ನಮ್ಮವನು ಮರೆಯೇ ಇಲ್ಲದ ಕಡೆ ತಾನು ಯಾರಿಗೋ ಕಾಣುತ್ತಿದ್ದೇನೆಂದು ಹೆದರುತ್ತಾನೆ.

ಕಾದಂಬರಿಯನ್ನು ಸಿನಿಮಾ ಮಾಡುವ ಹಕ್ಕಿನ ಮಾತನ್ನು ಮೊದಲೇ ಮುಗಿಸಿಕೊಂಡಿದ್ದೆವು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷವೆಂದೇ ಲೆಕ್ಕ. ದುಡ್ಡು ಕೂಡಿಸುತ್ತ ಸಿನಿಮಾ ಮಾಡುವವರಿಗೆ ಅದು ಸಾಲದು, ಆದ್ದರಿಂದ ಅವಧಿಯನ್ನು ಬರೆಸಿಕೊಂಡೆವು.

ಕುಂಚಾವರಂ ಕಾಡಿನ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭಾಗದೊಳಗೆ ರಾತ್ರಿ ದೀಪ, ಜನರೇಟರ್ ಒಯ್ಯುವ ಯೋಚನೆಯನ್ನೇ ಇಟ್ಟುಕೊಳ್ಳಲಿಲ್ಲ. ಕತ್ತೆಕಿರುಬ, ತೋಳಗಳಿರುವ ಜಾಗವದು. ಅದರಾಚೆಯ ಖಾಸಗಿ ಜಮೀನಿನ ಮರಗಳ ನಡುವೆ, ಮಾಲೀಕರ ಒಪ್ಪಿಗೆ ಪಡೆದು, ಹಗಲಿನಲ್ಲೇ ರಾತ್ರಿಯನ್ನು ತೆಗೆದೆವು. ಬಿಸಿಲು ನೀಲಿಯಾಗಿ ಕಾಣುವಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಬಣ್ಣದ ಹೊಂದಾಣಿಕೆಯನ್ನು) 3200 ಕೆಲ್ವಿನ್‌ಗೆ ಇಟ್ಟು, ಎಕ್ಸ್‌ಪೋಷರನ್ನು ಸುಮಾರು 2 ಸ್ಟಾಪ್, ಅಂದರೆ ಬೆಳಕನ್ನು ಕಾಲು ಭಾಗಕ್ಕೆ, ಇಳಿಸಿ, ಸೂರ್ಯ ಪಾತ್ರದ ಬೆನ್ನಿಗಿರುವಂತೆ ನೋಡಿಕೊಂಡರೆ ಭುಜದ ಮೇಲಿನ ಬಿಸಿಲು ಬೆಳದಿಂಗಳಾಗುತ್ತದೆ. ಆಕಾಶ ಫ್ರೇಮಿನೊಳಗೆ ಇಣುಕಿದರೆ ಮಾತ್ರ ಗುಟ್ಟು ರಟ್ಟು. ಬೋಳು ಕಾಡಿನಲ್ಲಿ ಅದನ್ನು ತಪ್ಪಿಸುವುದು ಸುಲಭವಲ್ಲವಾದ್ದರಿಂದ ಹೆಚ್ಚಿನ ಶಾಟ್‌ಗಳನ್ನು ದಿಬ್ಬದ ಮೇಲಿಂದ ಕೆಳಮುಖವಾಗಿ ತೆಗೆದೆವು. ಯಾರೋ ಮೇಲೆ ನಿಂತು ನೋಡುತ್ತಿದ್ದಾರೆಂಬ ಭಾವ ಖರ್ಚಿಲ್ಲದೆ ಅದರಿಂದಲೇ ಬಂತು.

ಕಾದಂಬರಿಯಲ್ಲಿ ಪುಟಗಟ್ಟಲೆ ಹರಿಯುವ ನಾಯಕನ ಸ್ವಗತವನ್ನು ಹಿನ್ನೆಲೆ ಧ್ವನಿಯಾಗಿಸಲು ನನಗೆ ಮನಸ್ಸಾಗಲಿಲ್ಲ. ಹೆದರಿದವನು ಅಷ್ಟು ಚೆಂದದ ವಾಕ್ಯಗಳಲ್ಲಿ ಯೋಚಿಸುತ್ತಾನೆಂದು ನಾನು ನಂಬುವುದಿಲ್ಲ. ಆ ಕೆಲಸವನ್ನು ತೇಗದ ತರಗೆಲೆಗೆ ಬಿಟ್ಟೆವು. ಮುಂಜಾನೆ ತೇವ ಹೀರಿದ ಎಲೆ ಮೆತ್ತಗೆ ಮಡಚಿಕೊಳ್ಳುತ್ತದೆ, ಮಧ್ಯಾಹ್ನ ಅದೇ ಎಲೆ ಹಪ್ಪಳದಂತೆ ಮುರಿಯುತ್ತದೆ. ಆದ್ದರಿಂದ ಬಿಸಿಲೇರಿದ ಮೇಲೆ ಹೆಜ್ಜೆಯ ಸದ್ದನ್ನು ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೊಂಡು, ನಾಯಕ ನಿಂತ ಮೇಲೂ ಇನ್ನೊಂದು ಹೆಜ್ಜೆ ಕೇಳುವಂತೆ ಎಡಿಟಿಂಗ್‌ನಲ್ಲಿ ಕೂಡಿಸಿದೆವು.

ಆ ಹೆಜ್ಜೆ ಯಾರದೆಂಬುದನ್ನು ಕಾದಂಬರಿಯ ಕೊನೆಯ ಅಧ್ಯಾಯ ಹೇಳುತ್ತದೆ. ಆ ಅಧ್ಯಾಯವನ್ನು ಕೈಬಿಟ್ಟು, ಮುಖವಾಡ, ಮೇಕಪ್ಪಿಗೆಂದು ತೆಗೆದಿಟ್ಟ ಹಣವನ್ನು ಸೌಂಡ್ ಮಿಕ್ಸಿಂಗ್‌ಗೆ ಹಾಕಿದೆವು. ಕಾದಂಬರಿ ಓದಿಕೊಂಡು ಬಂದ ಕೆಲವರು ಇದನ್ನು ಇವತ್ತಿಗೂ ಒಪ್ಪಿಲ್ಲ.