ಒಂದಡಿ ಪೈಪಿನಲ್ಲಿ ಆರಡಿ ಕಾಲುವೆ

ನಮ್ಮ ಬೀದಿಯ ಕೊನೆಗೆ ಆರು ಎಕರೆ ರಾಗಿ ಹೊಲ ಇತ್ತು. ಬೆಂಗಳೂರಿನ ಪೂರ್ವದ ಅಂಚು ನಮ್ಮದು. ಹೊಲ ದಾಟಿದರೆ ಕೆರೆ. ಅದು ಕೋಡಿ ಬಿದ್ದರೆ ಮುಂದಿನ ಕೆರೆ. ಹೀಗೇ ಹೋಗಿ ಹೋಗಿ ನೀರು ದಕ್ಷಿಣ ಪಿನಾಕಿನಿ ಸೇರುತ್ತದೆ. ಒಂದು ದಿನ ಹೊಲದ ಸುತ್ತ ತಗಡು ಬೇಲಿ ಎದ್ದಿತು. ನೂರಾ ಎಂಬತ್ತು ಫ್ಲಾಟು ಬರುತ್ತೆ ಅಂದ ವಾಚ್‌ಮನ್. ಗೇಟು ಎಲ್ಲಿ ಅಂತ ಕೇಳಿದೆ. ನಮ್ಮ ಇಪ್ಪತ್ತಡಿ ಬೀದಿಯ ಕಡೆ ಕೈ ತೋರಿಸಿದ.

ಆ ಭಾನುವಾರ ದೇವಸ್ಥಾನದ ಮುಂದೆ ಎಲ್ಲರೂ ಸೇರಿದೆವು. ಸಭೆ ಅನ್ನುವುದಕ್ಕಿಂತ ಕೂಗಾಟ. ಒಬ್ಬರಿಗೆ ಟಿವಿಯವರು ಬರಬೇಕು, ಇನ್ನೊಬ್ಬರಿಗೆ ಕೋರ್ಟಿನಿಂದ ತಡೆ ಬೇಕು. ಮೂಲೆಮನೆ ಅಕ್ಕ ಮಾತ್ರ ಕೇಳಿದರು, "ಅಣ್ಣಾ, ಮಳೆ ಹುಯ್ದರೆ ನನ್ನ ಮನೆಗೆ ಎಷ್ಟು ನೀರು ನುಗ್ಗುತ್ತೆ ಅಂತ ಯಾರಾದ್ರೂ ಹೇಳ್ತೀರಾ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದದ್ದನ್ನು ಎಲ್ಲರೂ ನೋಡಿದ್ದೆವು. ಹೆದರಿಕೆ ಇತ್ತು, ಲೆಕ್ಕ ಇರಲಿಲ್ಲ.

ನನ್ನದು ಹಾರ್ಡ್‌ವೇರ್ ಅಂಗಡಿ. ಇಂಜಿನಿಯರಿಂಗ್ ಓದಿಲ್ಲ, ಆದರೆ ಯಾವ ಪೈಪಿನಲ್ಲಿ ಎಷ್ಟು ನೀರು ಹೋಗುತ್ತದೆ ಅಂತ ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಾ ಬಂದವನು. ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು.

ಮೊದಲು ಕೈಗೆ ತೆಗೆದುಕೊಂಡದ್ದು ಗ್ರಾಮ ನಕ್ಷೆ. ಸರ್ವೆ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಜತೆಗೆ ಫೋನಿನಲ್ಲಿ ದಿಶಾಂಕ್ ಆ್ಯಪ್ ಇಟ್ಟುಕೊಂಡು ತಗಡಿನ ಬೇಲಿ ಸುತ್ತಿದರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ಆ್ಯಪಿನ ಗೆರೆ ಅಂದಾಜಿಗೆ ಮಾತ್ರ. ಕಚೇರಿಯಲ್ಲಿ ನಡೆಯುವುದು ಮುದ್ರೆ ಬಿದ್ದ ನಕಲೇ. ಆಮೇಲೆ ಪಹಣಿ ತೆಗೆಸಿದೆ. ಅದರಲ್ಲಿ ವಿಸ್ತೀರ್ಣದ ಜತೆ ಖರಾಬು ಅಂತ ಎರಡು ಬಗೆ ಬರೆದಿರುತ್ತಾರೆ. 'ಅ' ಖರಾಬು ಅಂದರೆ ಸಾಗುವಳಿಗೆ ಬಾರದ ನೆಲ. 'ಬ' ಖರಾಬು ಅಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ. ಹೊಲ ಕೊಂಡವರಿಗೂ ಅದು ಸೇರುವುದಿಲ್ಲ. ನಮ್ಮ ಹೊಲದ ಪಹಣಿಯಲ್ಲಿ 'ಬ' ಖರಾಬು ಆರು ಗುಂಟೆ ಇತ್ತು. ಅದನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ ನನಗೆ, ಖುಷಿಗೆ.

ಆ ಆರು ಗುಂಟೆ ನೆಲದ ಮೇಲೆ ಎಲ್ಲಿದೆ ಅಂತ ತೋರಿಸಿದವರು ಪಕ್ಕದ ಹಳ್ಳಿಯ ತಾತ. ಅವರ ಮನೆತನ ನೀರುಗಂಟಿಯದು. ಕೆರೆಯ ತೂಬು ತೆಗೆದು ಗದ್ದೆಗೆ ನೀರು ಹಂಚುತ್ತಿದ್ದವರು. ಪೊದೆ ಸರಿಸಿ ಕೋಲಿನಿಂದ ಕುಟ್ಟಿ, "ಇಗೋ ನೋಡಪ್ಪ, ಕಾಲುವೆ ಅಂಚು" ಅಂದರು. ಆರಡಿ ಅಗಲ, ಮೂರಡಿ ಆಳ. ನಮ್ಮ ಬೀದಿಯ ನೀರು, ಮೇಲಿನ ಬಡಾವಣೆಯ ನೀರು ಎಲ್ಲ ಆ ಕಾಲುವೆಯಲ್ಲೇ ಹರಿದು ಕೆರೆಗೆ ಹೋಗುತ್ತಿತ್ತು.

ಈಗ ಬಿಲ್ಡರ್ ಏನು ಮಾಡುತ್ತಾನೆ ಅಂತ ತಿಳಿಯಬೇಕಿತ್ತು. ಕಟ್ಟಡದ ನಕ್ಷೆ ಮಂಜೂರು ಮಾಡುವ ಕಚೇರಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಮೂವತ್ತು ದಿನ ಕಳೆದ ಮೇಲೆ ಬಂದ ಉತ್ತರ: ಇದು ಮೂರನೆಯವರ ಮಾಹಿತಿ, ಕೊಡಲಾಗದು. ಇಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮೊದಲ ಮೇಲ್ಮನವಿಗೆ ಮತ್ತೆ ಮೂವತ್ತು ದಿನ ಇರುತ್ತದೆ. ನಾನು ನಕಲಿನ ಬದಲು ಕಡತ ಪರಿಶೀಲನೆ ಕೇಳಿದೆ. ಅದೂ ಅದೇ ಕಾನೂನಿನಲ್ಲಿರುವ ಹಕ್ಕು. ಕೊನೆಗೆ ಒಂದು ಮಧ್ಯಾಹ್ನ ಬಿಲ್ಡರಿನ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹಾಕಿದರು.

ಆರಡಿ ಕಾಲುವೆ ನಕ್ಷೆಯಲ್ಲಿ 300 ಮಿಲಿಮೀಟರ್ ಪೈಪಾಗಿತ್ತು! ಅಂದರೆ ಒಂದಡಿ. ಜತೆಗೆ ಇಡೀ ಜಾಗಕ್ಕೆ ನಾಲ್ಕಡಿ ಮಣ್ಣು ತುಂಬಿ ಎತ್ತರಿಸುವ ಯೋಜನೆ. ಅವರು ದಿಬ್ಬದ ಮೇಲೆ, ನಾವು ಬೋಗುಣಿಯಲ್ಲಿ.

ಅಂಗಡಿಯಲ್ಲಿ ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಕಾಲುವೆಗೆ ನೀರು ಬರುವ ಪ್ರದೇಶ ಸುಮಾರು ಮೂವತ್ತು ಎಕರೆ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಹುಯ್ದರೆ 60 ಲಕ್ಷ ಲೀಟರ್. ಅರ್ಧ ಇಂಗಿತು ಅಂದುಕೊಳ್ಳಿ, ಮೂವತ್ತು ಲಕ್ಷ ಉಳಿಯಿತು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 250 ಲೋಡು. ಇನ್ನೂರು ಅಡಿಗೆ ಒಂದಡಿ ಇಳಿಜಾರು ಕೊಟ್ಟರೂ ಆ ಪೈಪಿನಲ್ಲಿ ಸೆಕೆಂಡಿಗೆ 70 ಲೀಟರ್ ಹೋದರೆ ಹೆಚ್ಚು. ಗಂಟೆಗೆ ಇಪ್ಪತ್ತೊಂದು ಲೋಡು. ಮಿಕ್ಕಿದ್ದು ಅಕ್ಕನ ಮನೆಗೆ.

ಇಳಿಜಾರನ್ನೂ ಸುಮ್ನೆ ಹೇಳಲಿಲ್ಲ. ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬು ಹಿಡಿದು ಎರಡು ಬೆಳಗ್ಗೆ ಅಳೆದೆವು. ಕಚೇರಿಯ ಇಂಜಿನಿಯರ್ ಕಾಗದ ನೋಡಿ, "ನೀವೇನು ಸಿವಿಲ್ಲಾ?" ಅಂದರು. "ಇಲ್ಲ ಸಾರ್, ಪೈಪ್ ಮಾರೋನು" ಅಂದೆ. ನಕ್ಕರು. ಕುರ್ಚಿ ಎಳೆದು ಕೂರಿಸಿಕೊಂಡರು.

ಕಚೇರಿಯವರು, ಬಿಲ್ಡರ್ ಕಡೆಯವರು, ನಾವು ಸೇರಿ ಜಾಗ ನೋಡಿದ ಜಂಟಿ ಪರಿಶೀಲನೆಯ ದಿನ ನಮ್ಮ ಮಾನ ಹೋಯಿತು. ಬಿಲ್ಡರ್ ಕಡೆಯ ಹುಡುಗ ನಮ್ಮ ಬೀದಿಯದೇ ಫೋಟೋ ತೋರಿಸಿದ. ಮೂವತ್ತೊಂದು ಮನೆಯಲ್ಲಿ ಹದಿನಾಲ್ಕು ಮನೆ ಮೋರಿಯ ಮೇಲೆ ಕಾರು ಹತ್ತಿಸಲು ಕಾಂಕ್ರೀಟು ಸುರಿದಿದ್ದವು. ಎರಡು ಕಡೆ ಮೋರಿಯೇ ಇರಲಿಲ್ಲ. ಮೊದಲನೇ ಫೋಟೋ ನನ್ನ ಅಂಗಡಿಯದು. ಏನು ಹೇಳಲಿ? ಮುಂದಿನ ಎರಡು ಭಾನುವಾರ ಒಡೆಸಿದೆವು, ನನ್ನದರಿಂದ ಶುರು ಮಾಡಿ. ಒಂದು ಮನೆಯವರು ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ. ಆದರೆ ಅದಾದ ಮೇಲೆ ನಮ್ಮ ಮಾತಿಗೆ ಬೇರೆ ತೂಕ ಬಂತು.

ಗೇಟಿನ ವಿಷಯ ಇದಕ್ಕಿಂತ ಬೇಗ ಮುಗಿಯಿತು. ಇಪ್ಪತ್ತಡಿ ಬೀದಿ ಕಾಗದದಲ್ಲಿ. ಕಾರು, ಬೈಕು ನಿಂತ ಮೇಲೆ ಹನ್ನೆರಡಡಿ. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ ತನಕ ಟೀ ಅಂಗಡಿ ಕಟ್ಟೆಯಲ್ಲಿ ಕೂತು ಮೂರು ದಿನ ಗಾಡಿ ಎಣಿಸಿದೆವು. ನೀರಿನ ಟ್ಯಾಂಕರ್ ತಿರುಗಿಸಲು ಆಗದೆ ರಿವರ್ಸಿನಲ್ಲೇ ಹೋಗುವುದನ್ನು ವಿಡಿಯೋ ಮಾಡಿದೆವು. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿಯೂ ಅಷ್ಟೇ ಅಲ್ವಾ? ಕೆಲಸಕ್ಕೆ ಬಂದದ್ದು ಮತ್ತೆ ಅದೇ ಗ್ರಾಮ ನಕ್ಷೆ. ಅದರಲ್ಲಿ ಜೋಡಿ ಚುಕ್ಕೆ ಗೆರೆಯಲ್ಲಿ ಬಂಡಿದಾರಿ ಒಂದು ಮುಖ್ಯರಸ್ತೆಯಿಂದ ನೇರ ಆ ಹೊಲಕ್ಕೇ ಬಂದಿತ್ತು. ಯಾರೋ ಶೆಡ್ ಹಾಕಿ ಮುಚ್ಚಿದ್ದರು. ಅದನ್ನು ಬಿಡಿಸಿಕೊಡಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಟ್ಟಾಗ ಬಿಲ್ಡರೂ ಸಹಿ ಹಾಕಿದ. ಅವನಿಗೂ ಅಗಲವಾದ ದಾರಿ ಬೇಕಿತ್ತು ತಾನೇ.

ಬದಲಾದ ನಕ್ಷೆಯಲ್ಲಿ ಕಾಲುವೆ ಮತ್ತೆ ಆರಡಿ, ಮೇಲೆ ತೆರೆದದ್ದು, ಎರಡೂ ಬದಿಗೆ ಕಾಂಕ್ರೀಟ್ ಗೋಡೆ. ದೊಡ್ಡ ಗೇಟು ಬಂಡಿದಾರಿ ಕಡೆ. ನಮ್ಮ ಬೀದಿಗೆ ನಡೆದು ಹೋಗುವವರ ಸಣ್ಣ ಗೇಟು ಮಾತ್ರ. ಮಣ್ಣು ತುಂಬುವುದು ಮಾತ್ರ ನಿಲ್ಲಲಿಲ್ಲ, ನಾಲ್ಕಡಿ ಎರಡೂವರೆಗೆ ಇಳಿಯಿತು ಅಷ್ಟೇ. ಕೆರೆಗೆ ಸೇರುವ ಕಡೆ ರಸ್ತೆಯಡಿ ಇರುವ ಎರಡಡಿಯ ಹಳೇ ಪೈಪುಗಳು ಹಾಗೇ ಇವೆ. ಅದಕ್ಕೆ ಬೇರೆ ಕಚೇರಿ, ಬೇರೆ ಅರ್ಜಿ. ಓಡಾಟ ನಡೆದಿದೆ.

ಅಕ್ಕನ ಕಾಂಪೌಂಡ್ ಗೋಡೆಗೆ ಇಂಚಿಗೊಂದು ಬಣ್ಣದ ಗೆರೆ ಎಳೆದಿದ್ದೇವೆ. ಹನ್ನೆರಡನೇ ಗೆರೆಗೆ ಅವರ ಹೊಸ್ತಿಲು. ಈ ಸಲದ ಮುಂಗಾರಿನ ಜೋರು ಮಳೆಯ ರಾತ್ರಿ ತಾತನೂ ನಾನೂ ಟಾರ್ಚ್ ಹಿಡಿದು ನಿಂತಿದ್ದೆವು. ನೀರು ಏಳನೇ ಗೆರೆ ಮುಟ್ಟಿ ಇಳಿಯಿತು.