ಮಡಚುವ ಮೊದಲು ಕಾಗದದ ಗ್ರೇನ್ ನೋಡಿ

ಹಳೇ ದಿನಪತ್ರಿಕೆಯ ಹಾಳೆಯೊಂದನ್ನು ಮೇಲಿನಿಂದ ಕೆಳಕ್ಕೆ, ಕಾಲಂ ಹೋದ ದಿಕ್ಕಿಗೇ ಹರಿಯಿರಿ. ಸರ್ರನೆ ನೇರ ಬರುತ್ತದೆ. ಈಗ ಅಡ್ಡಕ್ಕೆ ಹರಿಯಿರಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೀಳು ಓರೆಯಾಗಿ ಸುದ್ದಿಯ ನಡುವೆ ಹೊಕ್ಕಿರುತ್ತದೆ. ನನ್ನಲ್ಲಿ ಪುಸ್ತಕ ಹೊಲಿಯಲು ಕಲಿಯುವವರಿಗೆ ಸೂಜಿ ದಾರ ಕೊಡುವ ಮೊದಲು ಇದನ್ನೇ ಮಾಡಿಸುತ್ತೇನೆ.

ಕಾರಣ ಇರುವುದು ಕಾಗದದ ಮಿಲ್ಲಿನಲ್ಲಿ. ಯಂತ್ರದಲ್ಲಿ ಓಡುವ ಜಾಲರಿಗೆ ಬೀಳುವ ಕಾಗದದ ತಿರುಳಿನಲ್ಲಿ ನೂರಕ್ಕೆ 99 ಪಾಲು ನೀರೇ. ಜಾಲರಿ ಓಡುತ್ತಲೇ ಇರುವುದರಿಂದ ನಾರುಗಳಲ್ಲಿ ಹೆಚ್ಚಿನವು ಆ ಓಟದ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕೇ ಗ್ರೇನ್. ಬಾಳೆ ಎಲೆ ಗೆರೆಗುಂಟ ಸೀಳಿದ ಹಾಗೆ ಕಾಗದವೂ ನಾರುಗಳ ಸಂದಿನಲ್ಲಿ ಸಲೀಸಾಗಿ ಸೀಳುತ್ತದೆ. ಅಡ್ಡಕ್ಕೆ ಹೋಗಬೇಕಾದರೆ ನಾರು ಕಡಿಯಬೇಕು, ಇಲ್ಲವೇ ಕಿತ್ತು ಬರಬೇಕು. ಸೀಳು ಸುಲಭದ ದಾರಿ ಹುಡುಕಿ ವಾಲುತ್ತದೆ. ತಮಾಷೆಯೆಂದರೆ, ಹರಿಯದೆ ಎರಡು ತುದಿ ಹಿಡಿದು ಜಗ್ಗಿದರೆ ಲೆಕ್ಕ ತಿರುಗುಮುರುಗು: ಗ್ರೇನಿನ ಉದ್ದಕ್ಕೇ ಕಾಗದ ಹೆಚ್ಚು ಗಟ್ಟಿ. 1799ರಲ್ಲಿ ಫ್ರಾನ್ಸಿನ ಲೂಯಿ ನಿಕೊಲಾ ರಾಬೇರ್ ಕಾಗದದ ಯಂತ್ರಕ್ಕೆ ಪೇಟೆಂಟ್ ಪಡೆಯುವ ತನಕ ಎಲ್ಲವೂ ಕೈಕಾಗದವೇ. ಅದರಲ್ಲಿ ಗ್ರೇನ್ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ತಿರುಳಿನ ತೊಟ್ಟಿಯಿಂದ ಎತ್ತಿದ ಜಾಲರಿ ಚೌಕಟ್ಟನ್ನು ಎರಡೂ ಕಡೆಗೆ ಅಲ್ಲಾಡಿಸುತ್ತಾರೆ.

ಒಳ್ಳೆಯ ಹಾಳೆಯನ್ನು ಹರಿದು ನೋಡುವುದು ದಂಡ. ಬಾಗಿಸಿ ನೋಡಿ. ಮೇಜಿನ ಮೇಲಿಟ್ಟು ಎದುರುಬದುರು ಅಂಚು ಸೇರಿಸಿ, ಮಡಿಕೆ ಬೀಳದಂತೆ ಅಂಗೈಯಿಂದ ಮೆಲ್ಲಗೆ ಒತ್ತಿ. ಇನ್ನೆರಡು ಅಂಚಿಗೂ ಹಾಗೇ ಮಾಡಿ. ಒಂದು ಸಲ ಮೆತ್ತಗೆ ಮಣಿಯುತ್ತದೆ, ಇನ್ನೊಂದು ಸಲ ಕೈಯನ್ನೇ ಮೇಲಕ್ಕೆ ತಳ್ಳುತ್ತದೆ. ಮೆತ್ತಗೆ ಮಣಿದಾಗ ಮಡಿಕೆ ಎಲ್ಲಿ ಬೀಳುತ್ತಿತ್ತೋ ಅದೇ ಗ್ರೇನಿನ ದಿಕ್ಕು. ತೆಳು ಕಾಗದದಲ್ಲಿ ಕೈಗೆ ತಿಳಿಯದಿದ್ದರೆ ಸಣ್ಣ ಚೌಕ ಕತ್ತರಿಸಿ ಒಂದೇ ಮಗ್ಗುಲು ಒದ್ದೆ ಮಾಡಿ. ನೀರು ಕುಡಿದ ನಾರು ದಪ್ಪವಾಗುತ್ತದೆಯೇ ಹೊರತು ಉದ್ದವಾಗುವುದು ಬಲು ಕಮ್ಮಿ. ಹಾಗಾಗಿ ಚೌಕ ಕೊಳವೆಯಾಗಿ ಸುರುಳಿ ಸುತ್ತುತ್ತದೆ. ಕೊಳವೆಯ ಉದ್ದ ಎತ್ತಲೋ ಗ್ರೇನ್ ಅತ್ತ. ರೀಮಿನ, ಅಂದರೆ ಕಾಗದದ ಕಟ್ಟಿನ, ಚೀಟಿ ಏನೇ ಹೇಳಲಿ, ನಾನು ಬಾಗಿಸಿ ನೋಡಿಯೇ ಪೆನ್ಸಿಲ್ ಬಾಣ ಹಾಕಿಡುವುದು.

ಇನ್ನು ನೆನಪಿಡಬೇಕಾದ್ದು ಒಂದೇ: ಪುಸ್ತಕದ ಹಾಳೆ, ರಟ್ಟು, ಎಂಡ್ ಪೇಪರ್ (ರಟ್ಟಿನ ಒಳಮೈಗೆ ಅಂಟಿಸುವ ಹಾಳೆ), ಎಲ್ಲದರ ಗ್ರೇನೂ ಬೆನ್ನಿನ ಉದ್ದಕ್ಕೇ ಇರಬೇಕು. ಅಡ್ಡವಾದರೆ ಪುಸ್ತಕ ಬಿಚ್ಚಿ ಕೂರುವುದಿಲ್ಲ, ಮೈದಾ ಅಂಟು ತಾಗಿದ ಕೂಡಲೇ ಬೆನ್ನಿನ ಬಳಿ ಹಾಳೆಗಳು ಅಲೆಅಲೆಯಾಗುತ್ತವೆ. ರಟ್ಟಿನ ಗ್ರೇನ್ ಒಂದು ಕಡೆ, ಅದಕ್ಕೆ ಅಂಟಿಸಿದ ಕಾಗದದ್ದು ಇನ್ನೊಂದು ಕಡೆಯಾದರೆ ಅಟ್ಟೆ ಸೊಟ್ಟಗಾಗುತ್ತದೆ. ನಮ್ಮ ಮಲೆನಾಡಿನ ಸಾಗರ ಊರಿನ ಮಳೆಗಾಲ ಇದನ್ನು ಯಾರಿಗೂ ಮಾಫಿ ಮಾಡುವುದಿಲ್ಲ.

ಮನೆಯಲ್ಲಿ ನೋಟ್‌ಬುಕ್ ಮಾಡುವವರು ಎಡವುವುದು ಎ4ನಲ್ಲಿ. ಅಂಗಡಿಯ ಎ4 ಕಾಗದದಲ್ಲಿ ಸಾಮಾನ್ಯವಾಗಿ ಗ್ರೇನ್ 297 ಮಿ.ಮೀ. ಉದ್ದಕ್ಕೆ ಇರುತ್ತದೆ. ಅರ್ಧಕ್ಕೆ ಮಡಚಿದರೆ ಬೆನ್ನು ಬೀಳುವುದು 210ರ ಉದ್ದಕ್ಕೆ, ಅಂದರೆ ಗ್ರೇನಿಗೆ ಅಡ್ಡ. ಉಪಾಯ ಸುಲಭ. ಗ್ರೇನ್ 420ರ ಉದ್ದಕ್ಕಿರುವ ಎ3 ತಂದು ಆ 420ನ್ನೇ ಎರಡು ಮಾಡಿ ಕತ್ತರಿಸಿ. ಸಿಗುವ ಎ4 ತುಂಡುಗಳಲ್ಲಿ ಗ್ರೇನ್ 210ರ ಉದ್ದಕ್ಕಿರುತ್ತದೆ. ಈಗ ಮಡಚಿದರೆ ಸರಿ.

ಮದುವೆ ಕಾರ್ಡ್ ಮಾಡಿಸುವವರು, ಮಡಿಕೆ ಗ್ರೇನಿನ ಉದ್ದಕ್ಕೇ ಬರಲಿ ಎಂದು ಪ್ರೆಸ್ಸಿನವರಿಗೆ ಮೊದಲೇ ಹೇಳಿಬಿಡಿ. ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂ ಕಾರ್ಡನ್ನು ಗ್ರೇನಿಗೆ ಅಡ್ಡ ಮಡಚಿದರೆ ಮಡಿಕೆಯಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ, ಅದೂ ಗಾಢ ಕೆಂಪಿನ ಮೇಲೆ! ಆಗಲೇ ಅಚ್ಚಾಗಿ ಬಂದಿದ್ದರೆ ಸ್ಕೇಲಿಟ್ಟು, ರೀಫಿಲ್ ಖಾಲಿಯಾದ ಬಾಲ್‌ಪೆನ್ನಿನಿಂದ ಗೆರೆ ಒತ್ತಿ ಆಮೇಲೆ ಮಡಚಿ. ಪೂರ್ತಿ ನಿಲ್ಲದು, ಬಿರುಕು ಕಡಿಮೆಯಾಗುತ್ತದೆ.

ಡ್ರಾಯಿಂಗ್ ಹಾಳೆಯನ್ನು ಗ್ರೇನಿಗೆ ಅಡ್ಡ ಹರಿಯಲೇಬೇಕಾಗಿ ಬಂದರೆ, ಮಡಚಿ ಉಗುರಿನಿಂದ ತೀಡಿ, ತಿರುಗಿಸಿ ಅದೇ ಗೆರೆಯಲ್ಲಿ ಮತ್ತೊಮ್ಮೆ ಮಡಚಿ. ಆ ಗೆರೆಯ ಮೇಲೆ ಒದ್ದೆ ಕುಂಚ ಎಳೆದು, ನೀರು ಇಂಗಿದ ಮೇಲೆ ಎರಡೂ ಕಡೆ ಹಿಡಿದು ನಿಧಾನವಾಗಿ ಬೇರೆ ಮಾಡಿ.