ಅಂಗಡಿ ಬೆಳೀಬೇಕು ಅಂದ್ರೆ ಗಲ್ಲಾ ಹಿಂದೆ ಕೂತೋರ ಕಡೆ ಮೊದ್ಲು ನೋಡಿ: ಲೈಫ್ ಕೋಚಿಂಗ್ ಬಳಸ್ಕೊಳ್ಳೋದು ಹೇಗೆ?

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಎಲ್ಲೇ ನೋಡಿ, ಸಣ್ಣ ವ್ಯಾಪಾರ ಅಂದ್ರೆ ಪೂರ್ತಿ ಒಬ್ಬರ ತಲೆ ಮೇಲೇ ನಿಂತಿರುತ್ತೆ. ಹೋಂಸ್ಟೇಗೆ ಬುಕಿಂಗ್ ಫೋನ್ ಬಂದ್ರೆ ಎತ್ತೋದೂ ಅವರೇ, ಗೀಸರ್ ಕೆಟ್ಟರೆ ಎಲೆಕ್ಟ್ರಿಷಿಯನ್ ಹುಡುಕೋದೂ ಅವರೇ, ರಾತ್ರಿ ಗೆಸ್ಟ್‌ಗೆ ಪಂದಿ ಕರಿ ಆಯ್ತಾ ಅಂತ ಅಡುಗೆಮನೆಗೆ ಓಡೋದೂ ಅವರೇ, ಮಧ್ಯದಲ್ಲಿ ಮಕ್ಕಳ ಸ್ಕೂಲ್ ಫೀಸು, ಬ್ಯಾಂಕ್ ಕಂತು, ತೋಟದ ಕೆಲಸ. ಇಂಥೋರಿಗೆ ಮಾರ್ಕೆಟಿಂಗ್ ಹೇಳ್ಕೊಡೋರು ಬೇಕಾದಷ್ಟು ಜನ ಸಿಗ್ತಾರೆ. ಆದ್ರೆ ವ್ಯಾಪಾರ ನಿಂತಲ್ಲೇ ನಿಂತಿರೋದು ಎಷ್ಟೋ ಸಲ ಮಾರ್ಕೆಟಿಂಗ್ ಇಲ್ಲದೆ ಅಲ್ಲ, ಓನರ್ ಒಂದು ತೀರ್ಮಾನ ತಗೊಳ್ಳೋಕಾಗದೆ ಒಳಗೊಳಗೇ ಒದ್ದಾಡ್ತಿರೋದ್ರಿಂದ. ಲೈಫ್ ಕೋಚಿಂಗ್ ಉಪಯೋಗಕ್ಕೆ ಬರೋದು ಅಲ್ಲೇ.

ಕೋಚ್ ಅಂದ್ರೆ ಯಾರು ಅನ್ನೋದು ಮೊದ್ಲು ಸರಿಯಾಗಿ ಗೊತ್ತಿರಲಿ. ಟ್ಯಾಕ್ಸ್ ಲೆಕ್ಕಕ್ಕೆ ಆಡಿಟರ್ ಹತ್ರ ಹೋಗ್ಬೇಕು, ಸಾಲ ಸಬ್ಸಿಡಿ ವಿಷಯಕ್ಕೆ ಬ್ಯಾಂಕು ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ, ಉದ್ಯಮ್ ನೋಂದಣಿಯಂತೂ ಸರ್ಕಾರದ ವೆಬ್‌ಸೈಟಲ್ಲಿ ಫ್ರೀಯಾಗೇ ಆಗುತ್ತೆ, ಇದಕ್ಕೆಲ್ಲ ಕೋಚ್‌ಗೆ ದುಡ್ಡು ಕೊಡ್ಬೇಡಿ. ಕೋಚ್ ನಿಮಗೆ ಉತ್ತರ ಹೇಳಲ್ಲ. ಪ್ರಶ್ನೆ ಕೇಳ್ತಾರೆ, ನೀವು ಹೇಳಿದ್ದನ್ನ ಗಮನ ಕೊಟ್ಟು ಕೇಳಿಸ್ಕೊಳ್ತಾರೆ, ನೀವೇ ಒಪ್ಪಿಕೊಂಡ ಕೆಲಸ ಮಾಡಿದ್ರಾ ಅಂತ ಮುಂದಿನ ಸಲ ತಪ್ಪದೆ ವಿಚಾರಿಸ್ತಾರೆ.

ಇನ್ನು ನಿದ್ದೆನೇ ಬರ್ತಿಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನ್ಸುತ್ತೆ ಅನ್ನೋ ಮಟ್ಟಕ್ಕೆ ಹೋಗಿದ್ರೆ ಅದು ಕೋಚ್ ಕೆಲಸ ಅಲ್ಲವೇ ಅಲ್ಲ, ಡಾಕ್ಟರ ಹತ್ರ ಹೋಗಿ, ಇಲ್ಲಾ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೊದಲನೇ ಕೆಲಸ, ಕೋಚ್ ಹುಡುಕೋಕ್ಕಿಂತ ಮುಂಚೆ ಒಂದು ವಾರ ನೋಟ್‌ಬುಕ್ ಇಟ್ಕೊಳ್ಳಿ. ದಿನಾ ರಾತ್ರಿ ಬಾಗಿಲು ಹಾಕೋ ಹೊತ್ತಿಗೆ ಎರಡೇ ವಿಷಯ ಬರೀರಿ: ಇವತ್ತು ನನ್ನಿಂದಲೇ ಆಗ್ಬೇಕಿದ್ದ ಕೆಲಸ ಯಾವ್ದು, ಬೇರೆಯವರು ಮಾಡಬಹುದಿದ್ರೂ ನಾನೇ ಮಾಡಿದ್ದು ಯಾವ್ದು. ವಾರದ ಕೊನೆಗೆ ಎರಡನೇ ಪಟ್ಟಿ ಉದ್ದ ಇದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಆಮೇಲೆ ಕೋಚ್ ಆರಿಸ್ಕೊಳ್ಳೋದು. ಇಲ್ಲಿ ಹುಷಾರಾಗಿರ್ಬೇಕು, ಯಾಕಂದ್ರೆ ನಮ್ಮ ದೇಶದಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಲೈಸೆನ್ಸ್ ಏನೂ ಬೇಕಿಲ್ಲ, ಯಾರು ಬೇಕಾದ್ರೂ ಹಾಕ್ಕೊಳ್ಳಬಹುದು. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಅಂದ್ರೆ ಐಸಿಎಫ್, ಕೊಡೋ ಸರ್ಟಿಫಿಕೇಟ್ ಇದೆಯಾ ಕೇಳಿ. ಅದರಲ್ಲಿ ಮೊದಲನೇ ಹಂತ ಎಸಿಸಿ, ಅದಕ್ಕೇ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಇರ್ಬೇಕು. ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ನಿಮಗೆ ಹೊಂದ್ತಾರೆ ಅಂತೇನಿಲ್ಲ, ಅದಕ್ಕೇ ಒಂದು ಸಲ ಸುಮ್ನೆ ಅರ್ಧ ಗಂಟೆ ಮಾತಾಡಿ ನೋಡಿ. ಪೂರ್ತಿ ಹೊತ್ತು ಅವರೇ ಮಾತಾಡಿದ್ರೆ ಬೇಡ. ಮೂರು ತಿಂಗಳಲ್ಲಿ ವ್ಯಾಪಾರ ಡಬಲ್ ಅಂತ ಗ್ಯಾರಂಟಿ ಕೊಟ್ಟರೆ ಬೇಡವೇ ಬೇಡ. ವರ್ಷದ ಫೀಸು ಒಟ್ಟಿಗೆ ಕಟ್ಟಿ ಅಂದ್ರೆ ಆಗಲ್ಲ ಅನ್ನಿ, ನಾಲ್ಕು ಸೆಷನ್‌ಗೆ ಮಾತ್ರ ಒಪ್ಕೊಳ್ಳಿ. ನಮ್ಮ ಕೊಡಗು ಜಿಲ್ಲೆ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು, ಹಾಗಾಗಿ ನೀವು ಹೇಳಿದ್ದು ಹೊರಗೆ ಹೋಗಲ್ಲ ಅಂತ ಬರವಣಿಗೆಯಲ್ಲೇ ತಗೊಳ್ಳಿ, ಐಸಿಎಫ್ ನಿಯಮದಲ್ಲೇ ಗೌಪ್ಯತೆ ಕಾಪಾಡ್ಬೇಕು ಅಂತ ಇದೆ. ಭಾಷೆನೂ ಮುಖ್ಯ. ಕನ್ನಡವೋ ಕೊಡವ ತಕ್ಕೋ ಅರೆಭಾಷೆಯೋ, ಮನೇಲಿ ಜಗಳ ಆಡೋ ಭಾಷೆಯಲ್ಲಿ ಮಾತಾಡೋಕಾದ್ರೇನೇ ಒಳಗಿರೋದು ಹೊರಗೆ ಬರೋದು.

ಸೆಷನ್ ಹೇಗಿರುತ್ತೆ? ತುಂಬಾ ಕೋಚ್‌ಗಳು ಗ್ರೋ ಅನ್ನೋ ದಾರಿ ಹಿಡೀತಾರೆ, 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡಿದ್ದು, ಅದನ್ನ ಎಲ್ಲೆಡೆ ಹಬ್ಬಿಸಿದ ಜಾನ್ ವಿಟ್‌ಮೋರ್ ಮೊದ್ಲು ಕಾರ್ ರೇಸ್ ಓಡಿಸ್ತಿದ್ದವರು. ಗುರಿ ಏನು, ಈಗಿನ ಸ್ಥಿತಿ ಏನು, ದಾರಿಗಳು ಯಾವ್ಯಾವು, ಮಾಡೋದು ಯಾವ್ದು ಯಾವಾಗ, ಇಷ್ಟೇ ನಾಲ್ಕು ಮೆಟ್ಟಿಲು. ಒಬ್ಬರು ಅಕ್ಕ ಕಾಫಿಪುಡಿ ಅಂಗಡಿ ಇಟ್ಕೊಂಡಿದ್ದಾರೆ ಅಂತ ಅಂದ್ಕೊಳ್ಳಿ.

“ಏನಾಗ್ಬೇಕು ಅಂತಿದೆ ಮೇಡಂ?”

“ವ್ಯಾಪಾರ ಜಾಸ್ತಿ ಆಗ್ಬೇಕು ಸರ್.”

“ಜಾಸ್ತಿ ಅಂದ್ರೆ?”

“ಪುತ್ತರಿ ಹಬ್ಬದ ಹೊತ್ತಿಗೆ ಕಾಫಿಬೀಜ ಹುರಿಯೋ ದೊಡ್ಡ ರೋಸ್ಟರ್ ತಗೋಬೇಕು.”

“ಅಡ್ಡ ಬರ್ತಿರೋದು?”

“ದುಡ್ಡು.”

“ಬರ್ಬೇಕಾದ ದುಡ್ಡು ಎಲ್ಲಾದ್ರೂ ನಿಂತಿದೆಯಾ?”

ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದು, “ಉದ್ರಿ ಪುಸ್ತಕದಲ್ಲಿದೆ ಸರ್. ಆದ್ರೆ ಎಲ್ಲಾ ನಮ್ಮೋರೇ. ಯಜಮಾನ್ರ ಕಡೆಯೋರು. ನಾಳೆ ಮದುವೆ ಮನೇಲಿ ಮುಖ ನೋಡ್ಬೇಕಲ್ಲ” ಅಂತಾರೆ.

ರೋಸ್ಟರ್ ವಿಷಯ ಅಂತ ಶುರುವಾಗಿದ್ದು ನೆಂಟರ ಹತ್ರ ದುಡ್ಡು ಕೇಳೋ ಸಂಕೋಚಕ್ಕೆ ಬಂತು ನೋಡಿ. ಯಾವ ಬಿಸಿನೆಸ್ ಕ್ಲಾಸಲ್ಲೂ ಇದು ಹೊರಗೆ ಬರಲ್ಲ. ಇಲ್ಲಿಂದ ಮುಂದೆ ದಾರಿಗಳನ್ನ ಅಕ್ಕನೇ ಹೇಳ್ತಾರೆ, ಮುಂದಿನ ತಿಂಗಳಿಂದ ಹೊಸ ಉದ್ರಿ ಬಂದ್, ಮದುವೆ ಆರ್ಡರ್‌ಗೆ ಅರ್ಧ ಅಡ್ವಾನ್ಸ್, ಹಳೇ ಬಾಕಿಯಲ್ಲಿ ದೊಡ್ಡ ಮೂರು ಮೊದ್ಲು ಕೇಳೋದು. ಕೋಚ್ ಬಿಡಲ್ಲ, ಯಾರಿಗೆ ಮೊದ್ಲು, ಯಾವತ್ತು, ಏನಂತ ಕೇಳ್ತೀರಿ, ಈಗ ನನ್ನ ಹತ್ರಾನೇ ಹೇಳಿ ನೋಡೋಣ ಅಂತಾರೆ. “ಅಣ್ಣಾ, ಮೆಷಿನ್ ತಗೊಳ್ಳೋದಿದೆ, ಹಳೇ ಲೆಕ್ಕದಲ್ಲಿ ಈ ತಿಂಗಳು ಅರ್ಧ ಕೊಟ್ಟರೆ ದೊಡ್ಡ ಉಪಕಾರ ಆಗ್ತಿತ್ತು.” ಎರಡು ಸಲ ಬಾಯಿಬಿಟ್ಟು ಹೇಳಿ ಅಭ್ಯಾಸ ಆದ್ರೆ ಶುಕ್ರವಾರ ಮಡಿಕೇರಿ ಸಂತೆ ಮುಗಿಸಿ ಬಂದು ಫೋನ್ ಮಾಡೋಕೆ ಕೈ ನಡುಗಲ್ಲ.

ಇನ್ನೊಂದು ವಿಷಯ ನಮ್ಮ ಕಡೆಯೋರು ಕೋಚ್ ಹತ್ರ ಖಂಡಿತ ಎತ್ತಬೇಕು, ಅದು ಭಯ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಪ್ರವಾಸೋದ್ಯಮವೇ ನಿಂತುಹೋಯ್ತು, ಸುಧಾರಿಸ್ಕೊಳ್ಳೋ ಹೊತ್ತಿಗೆ 2020ರ ಲಾಕ್‌ಡೌನ್. ಅವತ್ತಿಂದ ಒಂದು ರೂಮ್ ಜಾಸ್ತಿ ಕಟ್ಟಿಸೋಣ ಅಂದ್ರೂ, ಒಬ್ಬ ಹುಡುಗನ್ನ ಕೆಲಸಕ್ಕೆ ಇಟ್ಕೊಳ್ಳೋಣ ಅಂದ್ರೂ, ಮತ್ತೆ ಹಂಗಾದ್ರೆ ಅನ್ನೋ ಮಾತು ಮನಸ್ಸಲ್ಲಿ ಎದ್ದು ನಿಲ್ಲುತ್ತೆ. ಈ ಭಯ ಸುಳ್ಳಲ್ಲ, ಅದನ್ನ ಧೈರ್ಯವಾಗಿರಿ ಅಂತ ತಳ್ಳಿಹಾಕೋ ಕೋಚ್ ಒಳ್ಳೆ ಕೋಚ್ ಅಲ್ಲ. ಭಯವನ್ನ ಲೆಕ್ಕಕ್ಕೆ ಇಳಿಸ್ಬೇಕು: ಮೂರು ತಿಂಗಳು ಒಬ್ಬ ಗೆಸ್ಟೂ ಬರಲಿಲ್ಲ ಅಂದ್ರೆ ಮನೆ, ಕಂತು, ಸಂಬಳಕ್ಕೆ ಎಷ್ಟು ಬೇಕು, ಅಷ್ಟು ಬೇರೆ ಖಾತೆಯಲ್ಲಿ ಇಡೋಕೆ ಎಷ್ಟು ಸಮಯ ಬೇಕು. ಆ ಮೊತ್ತ ಪೇಪರ್ ಮೇಲೆ ಬಂದ ಮೇಲೆ ರೂಮ್ ಕಟ್ಟಿಸೋದು ಈ ವರ್ಷವೋ ಮುಂದಿನ ವರ್ಷವೋ ಅಂತ ತಣ್ಣಗೆ ಕೂತು ಯೋಚಿಸಬಹುದು.

ಯಾವಾಗ ಶುರು ಮಾಡೋದು ಅಂದ್ರೆ ಜೂನ್, ಜುಲೈ. ಮಳೆಗೆ ವಾರದ ದಿನಗಳಲ್ಲಿ ಜನ ಕಮ್ಮಿ, ಕೂತು ಯೋಚನೆ ಮಾಡೋಕೆ ಟೈಮ್ ಸಿಗುತ್ತೆ, ದಸರಾ ಸೀಸನ್ ಹೊತ್ತಿಗೆ ಒಂದೆರಡು ಬದಲಾವಣೆ ಕೈಗೆ ಹತ್ತಿರುತ್ತೆ. ಕಾಫಿ ಕೊಯ್ಲಿನ ಮಧ್ಯೆ ಮಾತ್ರ ಬೇಡ, ಎರಡು ಸೆಷನ್ ಮುಂದೆ ಹಾಕಿದ್ರೆ ಆಮೇಲೆ ಬಿಟ್ಟೇ ಹೋಗುತ್ತೆ. ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗೋದು ಇದ್ದದ್ದೇ, ವಿಡಿಯೋ ಕಾಲೇ ಬೇಕು ಅಂತೇನಿಲ್ಲ, ಸಾದಾ ಫೋನಲ್ಲೂ ಆಗುತ್ತೆ. ಮನೆಯವರಿಗೂ ಮೊದಲೇ ಹೇಳಿಡಿ, ಇಲ್ಲಾಂದ್ರೆ ಯಾರ ಹತ್ರ ಇಷ್ಟೊತ್ತು ಮಾತು ಅಂತ ಬೇರೆ ಮಾತು ಶುರುವಾಗುತ್ತೆ.

ನಾಲ್ಕು ಸೆಷನ್ ಆದ್ಮೇಲೆ ನೋಟ್‌ಬುಕ್ ತೆಗೆದು ನೋಡಿ. ಎರಡನೇ ಪಟ್ಟಿ ಸಣ್ಣದಾಗಿದೆಯಾ, ಬಾಕಿ ಬಂತಾ, ಮುಂದೂಡ್ತಿದ್ದ ಒಂದು ತೀರ್ಮಾನ ಆದ್ರೂ ಆಯ್ತಾ? ಇಲ್ಲ ಅಂದ್ರೆ ಮುಲಾಜು ನೋಡದೆ ನಿಲ್ಲಿಸಿ.

ಫೀಸು ಕೊಡೋ ಸ್ಥಿತಿ ಇಲ್ಲದೋರು ಇದನ್ನೇ ಜೊತೆಗೊಬ್ಬರನ್ನ ಇಟ್ಕೊಂಡು ಮಾಡಬಹುದು. ನಿಮ್ಮದೇ ವ್ಯಾಪಾರ ಮಾಡೋರು ಬೇಡ, ಪೈಪೋಟಿ ಬರುತ್ತೆ. ಜೇನು, ಸಾಂಬಾರ ಪದಾರ್ಥ ಮಾರೋರು ಹೋಂಸ್ಟೇಯವರ ಜೊತೆ, ಟೈಲರಿಂಗ್ ಮಾಡೋರು ಬೇಕರಿಯವರ ಜೊತೆ ಕೂತ್ಕೊಳ್ಳಿ. ವಾರಕ್ಕೊಂದು ಗಂಟೆ, ಅರ್ಧ ನಿಮ್ಮದು, ಅರ್ಧ ಅವರದು. ನಿಮ್ಮ ಸರದಿಯಲ್ಲಿ ಅವರು ಬರೀ ಪ್ರಶ್ನೆ ಕೇಳ್ಬೇಕು, ಬುದ್ಧಿ ಹೇಳಂಗಿಲ್ಲ, ನಾನಾಗಿದ್ರೆ ಅಂತ ಶುರು ಮಾಡಂಗಿಲ್ಲ. ಕೊನೆಗೆ ಒಂದೇ ಒಂದು ಕೆಲಸ, ಯಾವ ದಿನ ಅಂತ ಸೇರಿಸಿ, ಇಬ್ಬರ ಫೋನಲ್ಲೂ ಬರೆದಿಟ್ಕೊಳ್ಳಿ, ಮುಂದಿನ ವಾರ ಕಾಫಿ ಕುಡಿಯೋಕೆ ಮುಂಚೆ ಅದಾಯ್ತಾ ಇಲ್ವಾ ಅಂತ ಕೇಳೋದು.